ಒಕ್ಕದ ಹನ್ನೊಂದು ಮಂದಿ

ಪಿತೃವಿಯೋಗದ ದುಃಖವು ಯಾವ ಮನೆಗೂ ಹೊಸತಲ್ಲ. ಬಂಧುಗಳು ಬಂದು ಸಮಾಧಾನ ಹೇಳುತ್ತಾರೆ. ಕ್ರಿಯಾಕರ್ಮಗಳು ಕ್ರಮವಾಗಿ ನಡೆಯುತ್ತವೆ. ದಿನ ಕಳೆದಂತೆ ನೋವು ಶಮನವಾಗುವುದೆಂದು ಎಲ್ಲರೂ ಭರವಸೆ ಕೊಡುತ್ತಾರೆ. ನಮ್ಮ ಮನೆಗೆ ಆ ಶಮನವು ಬಂದುದು ಹಾಕಿ ಆಟದ ಮೈದಾನದಿಂದ ಎಂದರೆ ವಾಚಕರಲ್ಲಿ ಹಲವರಿಗೆ ವಿಚಿತ್ರವಾಗಿ ತೋರಬಹುದು. ಕೊಡಗಿನವರಿಗೆ ಮಾತ್ರ ಹಾಗೆ ತೋರಲಾರದು.

ನಮ್ಮ ತಂದೆಯವರು 2023ರ ನವೆಂಬರ್ ತಿಂಗಳಲ್ಲಿ, ಕಾಫಿ ಕೊಯ್ಲು ಆರಂಭವಾಗುವ ಹೊತ್ತಿಗೆ, ತೀರಿಕೊಂಡರು. ವಾಡಿಕೆಯಂತೆ ಅಂಗಳದಲ್ಲಿ ಜೋಡಿ ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸಿದ್ದಾಯಿತು. ಮಾದದ ಕಾರ್ಯವೂ ಮುಗಿಯಿತು. ಹಿರಿಯರು, “ಇನ್ನು ಅವರು ಕಾರಣರೊಡನೆ ಸೇರಿದರು, ಚಿಂತಿಸಬೇಡಿ” ಎಂದರು. ಒಕ್ಕದ ಮೂಲಪುರುಷನಾದ ಗುರುಕಾರಣನೂ ಅವನ ಹಿಂದೆ ಹೋದ ಹಿರಿಯರೂ ಮನೆಯನ್ನು ಕಾಯುತ್ತಾರೆಂಬುದು ನಮ್ಮವರ ನಂಬಿಕೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಬೆಳಗುವುದು ಅವರ ಸ್ಮರಣೆಗಾಗಿಯೇ. ಬಾಲ್ಯದಿಂದ ಆ ದೀಪಕ್ಕೆ ಕೈಮುಗಿಯುತ್ತ ಬಂದ ನಮಗೆ ಮೂವರು ಮಕ್ಕಳಿಗೂ ಆ ಚಳಿಗಾಲದಲ್ಲಿ ಅದು ಎಣ್ಣೆಬತ್ತಿಯ ಬೆಳಕಾಗಿ ಮಾತ್ರ ಕಂಡಿತು. ನಮ್ಮಲ್ಲೊಬ್ಬನು ಕೈಮುಗಿಯುವುದನ್ನೇ ಬಿಟ್ಟನು. ಅವ್ವ ಏನೂ ಹೇಳಲಿಲ್ಲ. ಸಂಜೆಸಂಜೆಗೆ ತಾನೊಬ್ಬಳೇ ಹಚ್ಚುತ್ತಿದ್ದಳು.

ಹೀಗಿರಲು ಹಾಕಿ ನಮ್ಮೆಯ ಕರೆ ಬಂದಿತು. ಇದರ ವಿಚಾರವನ್ನು ಅರಿಯದವರಿಗಾಗಿ ನಾಲ್ಕು ಮಾತು ಹೇಳುವುದು ಅವಶ್ಯ. ಉದ್ಯೋಗಕ್ಕಾಗಿ ದಿಕ್ಕುದಿಕ್ಕಿಗೆ ಚದುರಿದ ಕೊಡವ ಒಕ್ಕಗಳನ್ನು ವರ್ಷಕ್ಕೊಮ್ಮೆಯಾದರೂ ಒಂದೆಡೆ ಕೂಡಿಸಬೇಕೆಂದು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದರು. ಆ ವರ್ಷ ಬಂದವು 60 ಒಕ್ಕಗಳು. ಅಲ್ಲಿಂದೀಚೆಗೆ ವರ್ಷಕ್ಕೊಂದು ಒಕ್ಕವು ಆತಿಥ್ಯದ ಹೊಣೆ ಹೊರುವುದು, ಕಪ್ಪಿಗೂ ಅದರದೇ ಹೆಸರು. ತಂಡದಲ್ಲಿ ಒಂದೇ ಒಕ್ಕದವರಿರಬೇಕು. ಗಂಡಸರು, ಹೆಂಗಸರು, ಮುದುಕರು, ಹುಡುಗರು ಎಂಬ ಭೇದವಿಲ್ಲ. ಒಲಿಂಪಿಕ್ ಪಂದ್ಯಗಳಲ್ಲಿ ಆಡಿದವರೂ ತಮ್ಮ ಒಕ್ಕದ ಅಂಗಿ ತೊಟ್ಟು ಅಜ್ಜಂದಿರ ಜೊತೆಯಲ್ಲಿ ಓಡಿದ್ದುಂಟು. ಮದುವೆಯಾದ ಹೆಣ್ಣುಮಕ್ಕಳು ತವರಿನ ಪರವಾಗಿ ಆಡಬಹುದು, ಇಲ್ಲವೆ ಗಂಡನ ಒಕ್ಕದ ಪರವಾಗಿ ಆಡಬಹುದು. ನಡುವೆ ಕೆಲವು ವರ್ಷ ನಿಂತಿದ್ದ ನಮ್ಮೆಯು 2023ರಲ್ಲಿ ಮರಳಿ ನಡೆದು, 2024ರಲ್ಲಿ ಕುಂಡ್ಯೋಳಂಡ ಒಕ್ಕದವರ ಆತಿಥ್ಯದಲ್ಲಿ ನಾಪೋಕ್ಲಿನಲ್ಲಿ ಏರ್ಪಟ್ಟಿತು. ಸೇರಿದ ಒಕ್ಕಗಳು 360. ಗಿನ್ನೆಸ್ ದಾಖಲೆಗೂ ಅದು ಸಂದಿತು.

ನಮ್ಮ ಒಕ್ಕದ ತಂಡವನ್ನು ಕೂಡಿಸುತ್ತಿದ್ದವರು ತಂದೆಯವರೇ. ಅವರು ದೊಡ್ಡ ಆಟಗಾರರಲ್ಲ. ಆದರೆ ಅವರಲ್ಲೊಂದು ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕವಿತ್ತು. ಯಾರು ಯಾವ ಊರಿನಲ್ಲಿದ್ದಾರೆ, ಯಾರ ಮೊಣಕಾಲು ಈಗ ಹೇಗಿದೆ, ಯಾರ ಕೋಲು ಯಾರ ಮನೆಯಲ್ಲಿ ಉಳಿದಿದೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಎಲ್ಲವೂ ಅದರಲ್ಲಿ ದಾಖಲಾಗಿತ್ತು. ಮಾತು ಬಿಟ್ಟವರನ್ನು ಅವರು ಬೇಕೆಂದೇ ಒಂದೇ ಜೀಪಿನಲ್ಲಿ ಕೂರಿಸುತ್ತಿದ್ದರು. ಫೆಬ್ರವರಿಯಿಂದ ದಿನವೂ ಸಂಜೆ ದೂರವಾಣಿ ಹಿಡಿದು ಕೂತರೆಂದರೆ ಕೊನೆಗೆ ಮನೆಯವರಿಗೆ ಅವರು ಹೇಳುತ್ತಿದ್ದುದು ಸಂಖ್ಯೆಯೊಂದನ್ನೇ: “ಏಳಾಯಿತು”, “ಒಂಬತ್ತಾಯಿತು.”

ವರ್ಷ ತುಂಬುವ ಮುನ್ನ ಆಟಕ್ಕೆ ಇಳಿಯುವುದು ತರವೇ ಎಂಬ ಪ್ರಶ್ನೆ ಎದ್ದಿತು. ಚಿಕ್ಕಪ್ಪನವರು ಬೇಡವೆಂದರು. ತೀರ್ಮಾನ ಅವ್ವನದಾಯಿತು. ಅವಳು ಪೆಟ್ಟಿಗೆಯಿಂದ ಆ ಪುಸ್ತಕವನ್ನು ತಂದು ನಮ್ಮ ಮುಂದಿಟ್ಟು, “ಅವರಿದ್ದಿದ್ದರೆ ಈ ಹೊತ್ತಿಗೆ ಎಷ್ಟು ಮಂದಿ ಆಗುತ್ತಿದ್ದರು?” ಎಂದು ಮಾತ್ರ ಕೇಳಿದಳು.

ಆ ಸಂಜೆಯಿಂದ ಕರೆಯುವ ಕೆಲಸ ನಮ್ಮದಾಯಿತು. ತಂಡ ಕಟ್ಟುವುದು ಮದುವೆ ಕುದುರಿಸುವುದಕ್ಕಿಂತ ಕಷ್ಟವೆಂಬುದು ನಮ್ಮ ಅಭಿಪ್ರಾಯ. ಅಲ್ಲಿ ಒಪ್ಪಿಸಬೇಕಾದದ್ದು ಎರಡು ಮನೆ, ಇಲ್ಲಿ ಹನ್ನೆರಡು. ಮೈಸೂರಿನವನಿಗೆ ರಜೆಯಿಲ್ಲ, ದುಬೈಯವನಿಗೆ ವಿಮಾನದ ದರ ಹೆಚ್ಚು, ಅಮ್ಮತ್ತಿಯವನಿಗೆ ಹಳೆಯ ಗದ್ದೆಯ ತಕರಾರು ಇನ್ನೂ ನೆನಪು. ಆದರೂ ಪ್ರತಿಯೊಬ್ಬನೂ ಮಾತು ಮುಗಿಸುವ ಮುನ್ನ ತಂದೆಯವರ ಸಂಗತಿ ಒಂದನ್ನಾದರೂ ಹೇಳಿದನು. ಒಬ್ಬನ ಶಾಲೆಯ ಶುಲ್ಕವನ್ನು ಅವರು ಎರಡು ವರ್ಷ ಕಟ್ಟಿದ್ದರಂತೆ. ನಮಗಾರಿಗೂ ತಿಳಿದಿರಲಿಲ್ಲ. ನಾವು ಕಳೆದುಕೊಂಡೆವೆಂದು ತಿಳಿದಿದ್ದ ಮನುಷ್ಯನು ತುಂಡುತುಂಡಾಗಿ ಹತ್ತಾರು ಮನೆಗಳಿಂದ ನಮಗೆ ಮರಳಿ ಬರತೊಡಗಿದನು. ಹತ್ತರ ಮೇಲೆ ಸಂಖ್ಯೆ ಏಳಲಿಲ್ಲ. ಆಗ ತಂದೆಯವರ ತಂಗಿ, ನಮ್ಮ ಸೋದರತ್ತೆ, 63 ವರ್ಷದವರು, ಅದುವರೆಗೆ ಗಂಡನ ಒಕ್ಕದ ಪರವಾಗಿಯೇ ಆಡಿದವರು, ತಾವಾಗಿಯೇ ಹೇಳಿ ಕಳುಹಿಸಿದರು: “ಈ ವರ್ಷ ಅಣ್ಣನ ಕಡೆಗೆ ನನ್ನನ್ನು ಬರೆದುಕೊಳ್ಳಿ.”

ಹೊರಡುವ ಬೆಳಿಗ್ಗೆ ಐನ್‌ಮನೆಯಲ್ಲಿ ಎಲ್ಲರೂ ಸಾಲಾಗಿ ದೀಪಕ್ಕೆ ಅಕ್ಕಿ ಹಾಕಿದರು. ಕೈಮುಗಿಯುವುದನ್ನು ಬಿಟ್ಟವನೂ ಹಾಕಿದನು.

ಚೆರಿಯಪರಂಬು ಮೈದಾನದಲ್ಲಿ ಏಪ್ರಿಲಿನ ಬಿಸಿಲು ಕಠಿನವಾಗಿತ್ತು. ಆಟದ ವರ್ಣನೆ ಮಾಡಲು ಹೆಚ್ಚೇನೂ ಇಲ್ಲ. ಎದುರಾಳಿಗಳು ಬಲಿಷ್ಠರು, ಮೂರು ಗೋಲು ಹೊಡೆದರು, ನಾವು ಒಂದೂ ಇಲ್ಲ. ಅತ್ತೆಯವರು ಚೆಂಡನ್ನು ಎರಡು ಸಲ ತಡೆದು, ಒಂದು ಸಲ ಬಿದ್ದು, ಎದ್ದು ನಕ್ಕರು. ಸೋತ ತಂಡಕ್ಕೆ ಮತ್ತೊಂದು ಪಂದ್ಯವಿಲ್ಲವಾದುದರಿಂದ ನಮ್ಮ ನಮ್ಮೆ ಅಂದಿಗೇ ಮುಗಿಯಿತು. ಆದರೆ ಆಟ ನಡೆದಷ್ಟು ಹೊತ್ತೂ ಧ್ವನಿವರ್ಧಕದಲ್ಲಿ ವಿವರಣೆಕಾರರು ಕೂಗುತ್ತಿದ್ದುದು ನಮ್ಮ ಒಕ್ಕದ ಹೆಸರನ್ನು. ತಂದೆಯವರು 71 ವರ್ಷ ತಮ್ಮ ಹೆಸರಿನ ಹಿಂದೆ ಹೊತ್ತಿದ್ದ ಹೆಸರು ಅದು. ಅವರ ತಂದೆಯೂ, ನಾವು ಮುಖ ಕಾಣದ ಎಷ್ಟೋ ಮಂದಿಯೂ ಹೊತ್ತದ್ದು. “ಕಾರಣರೊಡನೆ ಸೇರಿದರು” ಎಂಬ ಮಾತಿಗೆ ಅರ್ಥವೇನೆಂದು ಆ ಬಿಸಿಲಿನಲ್ಲಿ ನಮಗೆ ಹೊಳೆಯಿತು. ಅವರು ಎಲ್ಲಿಗೂ ದೂರ ಹೋಗಿರಲಿಲ್ಲ. ಯಾರ ವಾದದಿಂದಲೂ ಬಾರದ ಈ ನಂಬಿಕೆ ಈಗಲೂ ನಮ್ಮಲ್ಲಿ ಗಟ್ಟಿಯಾಗಿದೆ.

ಮೈದಾನದ ಅಂಚಿನಲ್ಲಿ ಕೂತಿದ್ದ ಅವ್ವ ಸೋಲಿನ ವಿಷಯ ಎತ್ತಲೇ ಇಲ್ಲ. ಎಲ್ಲರಿಗೂ ಬುತ್ತಿಯ ಕಡಂಬುಟ್ಟನ್ನು ಹಂಚುತ್ತ, ಅಮ್ಮತ್ತಿಯವನ ಪಕ್ಕದಲ್ಲಿ ಚಿಕ್ಕಪ್ಪನವರನ್ನು ಕೂರಿಸಿದಳು.

ಮರುವರ್ಷ, 2025ರಲ್ಲಿ, ಮುದ್ದಂಡ ಒಕ್ಕದವರು ಮಡಿಕೇರಿಯಲ್ಲಿ ನಮ್ಮೆ ನಡೆಸಿದಾಗ 396 ಒಕ್ಕಗಳು ಸೇರಿದುವು. ನಮ್ಮ ಪುಸ್ತಕದಲ್ಲಿ ಆ ವರ್ಷದ ಹೆಸರುಗಳು ಹದಿನಾಲ್ಕು. ಭಾನುವಾರಗಳಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಒಕ್ಕದ ಮಕ್ಕಳು ಕೋಲು ಹಿಡಿದು ಸೇರುತ್ತಾರೆ. ಕಣದ ತುದಿಯಲ್ಲಿ ಅತ್ತೆಯವರು ಕುರ್ಚಿ ಹಾಕಿಕೊಂಡು ಕೂತು, ತಪ್ಪಿ ಹೋದ ಚೆಂಡನ್ನು ಕೋಲಿನಿಂದ ಹಿಂದಕ್ಕೆ ತಳ್ಳುತ್ತಾರೆ.