ಏಳಲೊಲ್ಲದ ನೇಗಿಲು

ಒತ್ತಡ ಹೆಚ್ಚಾದರೆ ಮನುಷ್ಯನಿಗೆ ಕಾಯಿಲೆ. ಕಡಮೆಯಾದರೆ ಟ್ರ್ಯಾಕ್ಟರಿಗೆ ಕಾಯಿಲೆ. ಈ ಎರಡನೆಯ ಸತ್ಯವನ್ನು ಕಂಡುಕೊಳ್ಳಲು ನನ್ನ ಕನ್ನಡ ಎಂ.ಎ. ಪದವಿಯಿಂದ ಯಾವ ನೆರವೂ ಒದಗಲಿಲ್ಲ. ತರಗತಿಯಲ್ಲಿ ಷಟ್ಪದಿಯ ಮಾತ್ರೆಗಳನ್ನು ಎಣಿಸಿ ತೋರಿಸಿ ಹೊಟ್ಟೆ ಹೊರೆಯುವವನಿಗೂ ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ಎಣ್ಣೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ನಡುವೆ ನನ್ನ ತಮ್ಮನಿದ್ದಾನೆ.

ನಮ್ಮದು ಮಂಡ್ಯದ ಕಡೆಯ ಒಂದು ಹಳ್ಳಿ. ತಂದೆಯವರು ಬಿಟ್ಟುಹೋದದ್ದು ಆರೆಕರೆ ಹೊಲ, ಒಂದು ಹೆಂಚಿನ ಮನೆ ಮತ್ತು ವಯಸ್ಸಿನಲ್ಲಿ ನನಗಿಂತ ಹಿರಿದಾದ ಒಂದು ಟ್ರ್ಯಾಕ್ಟರು. ನಾನು ಓದಿ ಪಟ್ಟಣ ಸೇರಿದೆ. ತಮ್ಮ ಈ ಮೂರನ್ನೂ ನೋಡಿಕೊಂಡು ಊರಿನಲ್ಲಿಯೇ ಉಳಿದ. ಕಳೆದ ಆಷಾಢದಲ್ಲಿ, ರಾಗಿ ಬಿತ್ತನೆಗೆ ಭೂಮಿ ಹದವಾದ ಹೊತ್ತಿಗೆ ಸರಿಯಾಗಿ, ಅವನು ದೂರವಾಣಿಯಲ್ಲಿ ಮಾತನಾಡಿದ.

"ಅಣ್ಣಯ್ಯ, ಲಿಫ್ಟು ಏಳ್ತಾ ಇಲ್ಲ. ಪಂಪು ಹೋಗಿದೆ, ಹೊಸದೇ ಹಾಕ್ಬೇಕು ಅಂತಾರೆ ಪೇಟೆ ಗ್ಯಾರೇಜಿನೋರು."

ಅವರು ಹೇಳಿದ್ದ ಮೊತ್ತವನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. "ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿದ್ದರೆ ಹೀಗಾಗುತ್ತಿತ್ತೇನೋ?" ಎಂದೆ. ಅತ್ತ ಕಡೆಯಿಂದ ಉತ್ತರವಿಲ್ಲ. ಆ ಮೌನವನ್ನು ನಾನು ತಪ್ಪೊಪ್ಪಿಗೆಯೆಂದೇ ಬಗೆದೆ. ಹಣ ಕಳುಹಿಸುವ ಮೊದಲು ಕಣ್ಣಾರೆ ನೋಡಿಬಿಡೋಣವೆಂದು ಶನಿವಾರ ಊರಿಗೆ ಹೊರಟೆ. ನೋಡಹೊರಟದ್ದು ಪಂಪನ್ನೋ ತಮ್ಮನನ್ನೋ ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆ.

ಮೇಷ್ಟ್ರ ಅಭ್ಯಾಸದಂತೆ ಹೊರಡುವ ಮುನ್ನ ಪುಸ್ತಕ ತೆರೆದಿದ್ದೆ. ಕೆಳಗೆ ಎರಡು ತೋಳು, ಮೇಲೊಂದು ಕೊಂಡಿ, ಹೀಗೆ ಮೂರು ಕಡೆ ನೇಗಿಲನ್ನು ಹಿಡಿದು ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ವ್ಯವಸ್ಥೆಯನ್ನು ಬಳಕೆಗೆ ತಂದವನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ (1884–1960). ಅದಕ್ಕೆ ಮೊದಲು ನೇಗಿಲನ್ನು ಬರಿದೆ ಹಿಂದಕ್ಕೆ ಕಟ್ಟಿ ಎಳೆಯುತ್ತಿದ್ದರು. ಗುಳ ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರು ಮುಂಗಾಲೆತ್ತಿದ ಕುದುರೆಯಂತೆ ಎದ್ದು ಚಾಲಕನ ಮೇಲೆಯೇ ಮಗುಚುವುದುಂಟು. 1938ರಲ್ಲಿ ಫರ್ಗ್ಯೂಸನ್ ಅಮೆರಿಕದ ಹೆನ್ರಿ ಫೋರ್ಡನೊಂದಿಗೆ ಕಾಗದಪತ್ರವೇನೂ ಇಲ್ಲದೆ, ಕೈಕುಲುಕಿಯೇ ಒಪ್ಪಂದ ಮಾಡಿಕೊಂಡ. ಮರುವರ್ಷ ಟ್ರ್ಯಾಕ್ಟರು ಹೊರಬಂತು. ಫೋರ್ಡನ ಮೊಮ್ಮಗನ ಕಾಲಕ್ಕೆ ಆ ನಂಟು ಮುರಿದು ನ್ಯಾಯಾಲಯದ ಮೆಟ್ಟಿಲು ಹತ್ತಿತು, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಒಂದು ನೇಗಿಲನ್ನು ಎತ್ತುವ ವಿಷಯದಲ್ಲಿ ಮನುಷ್ಯರು ಎಷ್ಟು ಬೇಗ ನಂಬಿಕೆ ಕಳೆದುಕೊಳ್ಳುತ್ತಾರೆಂದು ಬಸ್ಸಿನಲ್ಲಿ ಕುಳಿತು ಸೋಜಿಗಪಟ್ಟೆ. ನನ್ನ ಜೇಬಿನಲ್ಲಿದ್ದ ಅಪನಂಬಿಕೆ ಮಾತ್ರ ನನಗೆ ಕಾಣಲಿಲ್ಲ.

ನಾನು ತಲಪುವಷ್ಟರಲ್ಲಿ ತಮ್ಮ ಪಕ್ಕದ ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದಿದ್ದ. ನರೆತ ಗಡ್ಡ, ಎಣ್ಣೆಯಲ್ಲಿ ನೆಂದ ಬೆರಳು. ಬಂದವರು ಸ್ಪ್ಯಾನರಿನ ಚೀಲವನ್ನು ಬಿಚ್ಚಲೇ ಇಲ್ಲ. ವೈದ್ಯರು ರೋಗಿಯ ಮನೆಯವರನ್ನು ವಿಚಾರಿಸುವಂತೆ ತಮ್ಮನನ್ನು ವಿಚಾರಿಸತೊಡಗಿದರು.

"ಬೆಳಿಗ್ಗೆ ತಣ್ಣಗಿದ್ದಾಗ ಎತ್ತುತ್ತಾ?"

"ಎತ್ತುತ್ತೆ. ಒಂದು ಗಂಟೆ ಉತ್ತ ಮೇಲೆ ಆಗಲ್ಲ. ಆಕ್ಸಿಲರೇಟರ್ ಜಾಸ್ತಿ ಕೊಟ್ರೆ ಮೆಲ್ಲಗೆ ಏಳುತ್ತೆ."

"ಎತ್ತಿ ಇಂಜಿನ್ ನಿಲ್ಲಿಸಿದರೆ?"

"ಹಾಗೇ ಇಳಿದುಬಿಡುತ್ತೆ."

ಮೇಸ್ತ್ರಿಗಳು ನನ್ನತ್ತ ತಿರುಗಿದರು. "ಕಾದ ಎಣ್ಣೆ ತೆಳ್ಳಗಾಗುತ್ತೆ ಮೇಷ್ಟ್ರೇ, ತೆಳ್ಳಗಾದದ್ದು ಸಂದಿ ಹುಡುಕುತ್ತೆ. ಪಂಪು ಒತ್ತಡ ಹುಟ್ಟಿಸಲ್ಲ, ಎಣ್ಣೆ ತಳ್ಳುತ್ತೆ ಅಷ್ಟೆ. ತಳ್ಳಿದ್ದಕ್ಕೆ ಅಡ್ಡ ಸಿಕ್ಕಾಗ ಒತ್ತಡ. ನಡುವೆ ಎಲ್ಲೋ ಸೋರಿಹೋದ್ರೆ ಪಂಪು ಬಡಪಾಯಿ ಏನು ಮಾಡೀತು? ಇಂಜಿನ್ ನಿಂತ ಮೇಲೂ ನೇಗಿಲು ಇಳೀತದೆ ಅಂದ್ರೆ, ಪಂಪಿನ ಮೇಲೆ ಆಗಲೇ ತೀರ್ಪು ಕೊಡಬಾರದು."

ಬಳಿಕ ಅಳತೆಯ ಕಡ್ಡಿಯನ್ನು ಹೊರಗೆಳೆದರು. ಎಣ್ಣೆಯ ಮಟ್ಟ ಸರಿಯಾಗಿತ್ತು. ಬಣ್ಣ ಮಾತ್ರ ಕಡೆದ ಮಜ್ಜಿಗೆಯದು. "ನೀರು ಸೇರಿದೆ," ಎಂದರು. ಗೇರಿಗೂ ಲಿಫ್ಟಿಗೂ ಈ ಟ್ರ್ಯಾಕ್ಟರಿನಲ್ಲಿ ಎಣ್ಣೆ ಒಂದೇ. ಪಂಪು ಅದರಲ್ಲಿಯೇ ಮುಳುಗಿರುತ್ತದೆ. ನಾನು ತಮ್ಮನ ಮುಖವನ್ನು ನೋಡಿದೆ, ನ್ಯಾಯಾಧೀಶನ ಗತ್ತಿನಿಂದಲೇ. ಅವನು ನೆಲ ನೋಡುತ್ತಿದ್ದ.

ಮೇಸ್ತ್ರಿಗಳು ಗೇರುಕೋಲಿನ ಬುಡದ ರಬ್ಬರ್ ಟೋಪಿಯನ್ನು ಬೆರಳಿನಿಂದ ಸರಿಸಿದರು. ಅದು ಅರ್ಧಕ್ಕರ್ಧ ಹರಿದಿತ್ತು. "ಮಳೆಗೆ ಇಷ್ಟು ನೀರು ಹೋಗಲ್ಲ. ಯಾರೋ ಪೈಪು ಹಿಡಿದು ತೊಳೆದಿದ್ದಾರೆ."

ಆ ಕ್ಷಣ ನನಗೆ ಹಿಂದಿನ ವರ್ಷದ ಆಯುಧಪೂಜೆ ನೆನಪಾಯಿತು. ನವರಾತ್ರಿಯ ರಜೆಗೆ ಬಂದಿದ್ದ ನಾನು, ಮಕ್ಕಳ ಮುಂದೆ ನನ್ನ ಮಣ್ಣಿನ ಅಭಿಮಾನವನ್ನು ಮೆರೆಯಲೆಂದು, ಪಂಚೆ ಎತ್ತಿ ಕಟ್ಟಿ, ಬೋರ್‌ವೆಲ್ಲಿನ ಪೈಪು ಹಿಡಿದು ಟ್ರ್ಯಾಕ್ಟರಿಗೆ ಅರ್ಧ ಗಂಟೆ ಅಭಿಷೇಕ ಮಾಡಿದ್ದೆ. ಗೇರುಕೋಲಿನ ಬುಡದ ಕೆಸರು ಹೋಗಲಿಲ್ಲವೆಂದು ಅಲ್ಲಿಯೇ ಹೆಚ್ಚು ನೀರು ಬಿಟ್ಟಿದ್ದೆ. "ಸಾಕು ಬಿಡಣ್ಣಯ್ಯ," ಎಂದು ತಮ್ಮ ಎರಡು ಸಲ ಹೇಳಿದ್ದ. ನಾನು ಕೇಳಿರಲಿಲ್ಲ.

ಈಗ ನೆಲ ನೋಡುವ ಸರದಿ ನನ್ನದಾಯಿತು.

ಸುಮಾರು 30 ಲೀಟರು ಎಣ್ಣೆಯನ್ನು ಬಸಿದು, ಪಂಪಿನ ಜರಡಿಯನ್ನು ತೊಳೆದು, ಹೊಸ ಎಣ್ಣೆ ತುಂಬಿದರು. ಟ್ರೇಲರಿಗೆ ಕೊಳವೆ ಸಿಕ್ಕಿಸುವ ಮೇಲಿನ ಬಾಯಿಗೆ ಗೇಜು ಕೂರಿಸಿದರು. "ಇದಕ್ಕೆ ಚದರ ಸೆಂಟಿಮೀಟರಿಗೆ 150 ಕಿಲೋಗೆ ಮೇಲಾದರೂ ಬರಬೇಕು," ಎಂದರು. ಮುಳ್ಳು 80ರಲ್ಲಿಯೇ ನಿಂತಿತು. ಎತ್ತುವ ಸಿಲಿಂಡರಿನ ದಾರಿಯನ್ನು ಮುಚ್ಚಿ ಮತ್ತೆ ನೋಡಿದರು, ಮುಳ್ಳು ಕದಲಲಿಲ್ಲ. ಸಿಲಿಂಡರು ನಿರಪರಾಧಿಯೆಂದಾಯಿತು. ಉಳಿದವು ಮೂರು: ಪಂಪು, ಒತ್ತಡ ಮಿತಿಮೀರದಂತೆ ಕಾಯುವ ವಾಲ್ವು, ಪಂಪಿನಿಂದ ಎಣ್ಣೆಯನ್ನು ಮೇಲಕ್ಕೊಯ್ಯುವ ನಿಲುಗೊಳವೆ.

ಎಣ್ಣೆಯ ಮಟ್ಟವನ್ನು ತುಸು ಇಳಿಸಿ, ಪಕ್ಕದ ಮುಚ್ಚಳ ತೆಗೆದು, ಇಂಜಿನ್ ಓಡುತ್ತಿರುವಂತೆಯೇ ಟಾರ್ಚ್ ಹಿಡಿದು ಒಳಗೆ ಇಣುಕಿದರು. ನಾನೂ ಇಣುಕಿದೆ. ನಿಲುಗೊಳವೆಯ ಬುಡದಿಂದ ನೂಲಿನಂತೆ ಸಣ್ಣ ಧಾರೆಯೊಂದು ಚಿಮ್ಮುತ್ತಿತ್ತು. ಕುತೂಹಲದಿಂದ ಕೈ ನೀಡಿದೆ. ತಮ್ಮ ಥಟ್ಟನೆ ನನ್ನ ಮಣಿಕಟ್ಟನ್ನು ಹಿಡಿದು ಹಿಂದಕ್ಕೆಳೆದ. ನೋವಾಗುವಷ್ಟು ಬಿಗಿಯಾದ ಹಿಡಿತ.

"ಒಳಗೆ ದಂಡ ತಿರುಗ್ತಾ ಇದೆ. ಅದೂ ಅಲ್ಲದೆ ಆ ಎಣ್ಣೆ ಚರ್ಮಾನೇ ತೂರಿಕೊಂಡು ಹೋಗುತ್ತೆ!" ಎಂದ. ಹುಟ್ಟಿದಂದಿನಿಂದ ಅವನು ನನ್ನನ್ನು ಗದರಿದ್ದು ಅದೇ ಮೊದಲು.

ಇಂಜಿನ್ ನಿಲ್ಲಿಸಿ, ಮೇಲಿನ ಮುಚ್ಚಳ ಬಿಚ್ಚಿ, ಕೊಳವೆಯನ್ನು ಹೊರಗೆಳೆದರು. ಅದರ ಬುಡದ ರಬ್ಬರ್ ಉಂಗುರ ಗಟ್ಟಿಯಾಗಿ, ಚಪ್ಪಟೆಯಾಗಿ, ಒಂದು ಕಡೆ ಸೀಳಿತ್ತು. ವಯಸ್ಸಾದ ರಬ್ಬರು, ಯಾರ ತಪ್ಪೂ ಅಲ್ಲ. ಚೀಲದಿಂದ ಹೊಸ ಉಂಗುರ ತೆಗೆದು ಹಾಕಿದರು. ಅದರ ಬೆಲೆ ಒಂದು ಲೋಟ ಕಾಫಿಗೆ ಸಮನಾದೀತು. ಗೇಜಿನ ಮುಳ್ಳು 160ನ್ನು ದಾಟಿತು. ಸಂಜೆಯವರೆಗೆ ಉತ್ತು, ಎಣ್ಣೆ ಕಾದ ಮೇಲೆಯೂ ತಮ್ಮ ಲಿವರನ್ನು ಮುಟ್ಟಿದೊಡನೆ ನೇಗಿಲು ಮಣ್ಣನ್ನು ಕೊಡವಿಕೊಂಡು ಮೇಲೆದ್ದಿತು.

ರಾತ್ರಿ ಜಗುಲಿಯ ಮೇಲೆ ಕುಳಿತಿದ್ದಾಗ ಕೇಳಿದೆ: "ನೀರು ಬಿಟ್ಟವನು ನಾನು ಅಂತ ಗೊತ್ತಿತ್ತೇನೋ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಎಣ್ಣೆ ಬದಲಾಯಿಸೋಕೆ ದುಡ್ಡು ಕೇಳಿದ್ರೆ ಯಾಕೆ ಅಂತ ಹೇಳ್ಬೇಕಿತ್ತು. ನೀನು ವರ್ಷಕ್ಕೊಂದು ಸಲ ಬರೋನು. ಅಷ್ಟು ಸಂತೋಷವಾಗಿ ತೊಳೀತಿದ್ದೆ. ಏನಂತ ಹೇಳಲಿ?"

ನನಗೆ ಮಾತು ಹೊರಡಲಿಲ್ಲ. ಮೇಸ್ತ್ರಿಗಳು ಪಂಪಿಗೆ ತೋರಿದಷ್ಟು ನ್ಯಾಯವನ್ನು ನಾನು ಒಡಹುಟ್ಟಿದವನಿಗೆ ತೋರಲಿಲ್ಲ. ಅವರು ಕೇಳಿದರು, ಅಳೆದರು, ಒಂದೊಂದನ್ನೇ ನಿರಪರಾಧಿಯೆಂದು ಬದಿಗಿಟ್ಟರು. ದೋಷವನ್ನು ಕಣ್ಣಿನಿಂದ ಕಂಡ ಮೇಲೆ ಅದರ ಹೆಸರು ಹೇಳಿದರು. ನಾನು ಮೊದಲು ಹೆಸರು ಹೇಳಿ ಆಮೇಲೆ ನೋಡಲು ಬಂದವನು.

"ತಪ್ಪಾಯ್ತು ಕಣೋ," ಎಂದೆ. ಅವನು, "ಊಟಕ್ಕೇಳು," ಎಂದ.

ಆಮೇಲಿನ ಆಯುಧಪೂಜೆಗೂ ಊರಿಗೆ ಹೋಗಿದ್ದೆ. ಗೇರುಕೋಲಿಗೆ ಹೊಸ ರಬ್ಬರ್ ಟೋಪಿ ಬಂದಿತ್ತು. ನಾನು ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ಟ್ರ್ಯಾಕ್ಟರನ್ನು ಒರೆಸುತ್ತಿದ್ದಾಗ ತಮ್ಮ ಹಿಂದಿನಿಂದ ಬಂದು ನಿಂತ.

"ಪೈಪು ತರಲೇನಣ್ಣಯ್ಯ?" ಎಂದು ಕೇಳಿದ. ಇಬ್ಬರೂ ನಕ್ಕೆವು.