ಬೆಟ್ಟದ ಮೇಲೆ ಮುಚ್ಚುಮರೆಯಿಲ್ಲ



ಇತ್ತೀಚೆಗೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಸವಣೂರಿನ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: “ಫಾದರ್, ಮಗ ಹಿಮಾಲಯ ಹತ್ತಾಕ ಹೊಂಟಾನ್ರಿ. ಕಳಸಲೋ ಬ್ಯಾಡೋ, ನೀವs ಹೇಳ್ರಿ.” ಅವರ ಆತಂಕ ಅಕಾರಣವಾದುದಲ್ಲ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡವೊಂದು ಹಿಮಗಾಳಿಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು. ಆ ತಂಡದಲ್ಲಿ ಬಹುಪಾಲು ಜನ ನಮ್ಮ ಕರ್ನಾಟಕದವರೇ. ಅವರ ಜೊತೆಯಲ್ಲಿ ಮಾರ್ಗದರ್ಶಿಗಳೂ ಇದ್ದರು.

ಆದರೂ ‘ಕಳುಹಿಸಬೇಡಿ’ ಎಂದು ನಾನು ಹೇಳಲಿಲ್ಲ. 2022ರ ಜೂನ್‌ನಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹನ್ನೊಂದು ಯುವಕರೊಡನೆ ನಾನೂ ಹಿಮಾಚಲ ಪ್ರದೇಶದ ಹಮ್ತಾ ಕಣಿವೆದಾರಿಯ ಚಾರಣಕ್ಕೆ ಹೋಗಿದ್ದೆ. ಅಲ್ಲಿ ಕಲಿತದ್ದನ್ನೇ ಆ ತಾಯಿಗೆ ಹೇಳಿದೆ. ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ನಾವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲುಸೀಮೆಯ ಜನ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಹಮ್ತಾ ಅದರ ಇಮ್ಮಡಿಗೂ ಮಿಗಿಲು, ಸುಮಾರು 4,270 ಮೀಟರ್. ಎರಡು ತಿಂಗಳು ಹಾನಗಲ್ಲಿನ ಆನೆಕೆರೆಯ ಏರಿಯ ಮೇಲೆ ನಸುಕಿನಲ್ಲಿ ಓಡಿದೆವು. ಮದಗದ ಕೆರೆಯ ಸುತ್ತಲಿನ ಗುಡ್ಡಗಳನ್ನು ಹೊರೆ ಹೊತ್ತು ಹತ್ತಿದೆವು. ಹೊಲದಲ್ಲಿ ದುಡಿದ ಕಾಲುಗಳಿಗೆ ಯಾವ ಬೆಟ್ಟದ ಭಯವೆಂದು ಹುಡುಗರು ನಗುತ್ತಿದ್ದರು.

ಅಭ್ಯಾಸ ಬೇಕೇ ಬೇಕು. ಆದರೆ ಎತ್ತರದ ಬೆಟ್ಟ ಪರೀಕ್ಷಿಸುವುದು ಕಾಲುಗಳನ್ನಲ್ಲ, ಉಸಿರನ್ನು. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಹಮ್ತಾದ ಎತ್ತರದಲ್ಲಿ ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರತೀರದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲು ಮಾತ್ರ. ಸುಮಾರು 2,500 ಮೀಟರ್ ದಾಟಿದ ಮೇಲೆ ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಪ್ರಾಯವಾಗಲಿ ಕಸುವಾಗಲಿ ಅದಕ್ಕೆ ತಡೆಯಲ್ಲ. ಅಲಕ್ಷಿಸಿದರೆ ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿ ಸಾವು ಸಂಭವಿಸಬಹುದು. ಆದುದರಿಂದ ನಿಧಾನವೇ ಅಲ್ಲಿಯ ನಿಯಮ. 3,000 ಮೀಟರ್ ಮೀರಿದ ಬಳಿಕ ರಾತ್ರಿ ತಂಗುವ ಜಾಗ ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಬಾರದು. ಹಸಿವಿಲ್ಲದಿದ್ದರೂ ಉಣ್ಣಬೇಕು, ಬಾಯಾರದಿದ್ದರೂ ನೀರು ಕುಡಿಯಬೇಕು. ರೋಗಲಕ್ಷಣ ಉಲ್ಬಣಿಸಿದರೆ ನಿಜವಾದ ಮದ್ದು ಒಂದೇ: ಕೆಳಗಿಳಿಯುವುದು.

ನಮ್ಮ ಮಾರ್ಗದರ್ಶಿ ಮನಾಲಿಯ ಕಡೆಯ ಮಿತಭಾಷಿ ಯುವಕ. ಪ್ರತಿ ಸಂಜೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಒಬ್ಬೊಬ್ಬರನ್ನೂ ಕೇಳುತ್ತಿದ್ದ: ತಲೆನೋವು ಇದೆಯೇ? ಊಟ ಸೇರಿತೇ? ಎರಡನೆಯ ದಿನ ಸುಮಾರು 3,600 ಮೀಟರ್ ಎತ್ತರದ ‘ಬಾಲೂ ಕಾ ಘೇರಾ’ ಎಂಬ ಬಯಲಿನಲ್ಲಿ ಬಿಡಾರ ಹೂಡಿದೆವು. ಮಧ್ಯಾಹ್ನದಿಂದಲೇ ನನ್ನ ತಲೆ ಸಿಡಿಯುತ್ತಿತ್ತು. ಬಂಡೆಯ ಮರೆಗೆ ಹೋಗಿ ಎರಡು ಸಲ ವಾಂತಿ ಮಾಡಿಕೊಂಡಿದ್ದೆ. ಆದರೂ ಆತ ಕೇಳಿದಾಗ “ಏನೂ ಇಲ್ಲ, ಆರಾಮಾಗಿದ್ದೇನೆ” ಎಂದೆ.

ವರುಷಗಟ್ಟಲೆ ಪಾಪನಿವೇದನೆಯನ್ನು ಆಲಿಸುತ್ತ, ಯಾವುದನ್ನೂ ಮರೆಮಾಚದಿರಿ ಎಂದು ಬೋಧಿಸುತ್ತ ಬಂದ ನಾನು, ಹುಡುಗರ ಮುಂದೆ ಸೋತವನೆನಿಸಬಾರದೆಂದು ಸುಳ್ಳಾಡಿದೆ!

ನಾನು ವಾಂತಿ ಮಾಡಿಕೊಂಡದ್ದನ್ನು ಹಿರೇಕೆರೂರಿನ ಹುಡುಗನೊಬ್ಬ ಕಂಡಿದ್ದ. ರಾತ್ರಿ ಮಾರ್ಗದರ್ಶಿಯೊಡನೆ ನನ್ನ ಡೇರೆಗೆ ಬಂದು ತಲೆತಗ್ಗಿಸಿ ನಿಂತ. “ಫಾದರ್, ಸಿಟ್ಟಾಗಬ್ಯಾಡ್ರಿ. ನಾನs ಹೇಳೀನಿ.” ನಾನು ಸಿಟ್ಟಾದೆ. ಅವನೊಡನೆ ಮಾತನಾಡಲಿಲ್ಲ. ಮಾರ್ಗದರ್ಶಿ ಬೆಳಗಿನವರೆಗೂ ಆಗಾಗ ಬಂದು ನನ್ನನ್ನು ನೋಡಿಕೊಂಡ. ನಸುಕಿನಲ್ಲೇ ಒಬ್ಬ ಸಹಾಯಕನೊಡನೆ ಕೆಳಗೆ ಕಳುಹಿಸಿದ. ಹುಡುಗರು ಸಾಲಾಗಿ ಹಿಮದ ಕಡೆಗೆ ಏರುತ್ತಿದ್ದುದನ್ನು ಹಿಂದಿರುಗಿ ನೋಡುತ್ತ ಇಳಿದೆ. ವಾಗ್ದತ್ತ ನಾಡನ್ನು ನೆಬೋ ಬೆಟ್ಟದಿಂದ ಕಂಡೂ ಅದನ್ನು ಪ್ರವೇಶಿಸದೆ ಉಳಿದ ಮೋಶೆಯ ನೆನಪಾಯಿತು. ಆದರೆ ಮೋಶೆಯ ವಿಧೇಯತೆ ನನ್ನಲ್ಲಿರಲಿಲ್ಲ. ಒಳಗೆಲ್ಲ ಗೊಣಗಾಟವೇ ಇತ್ತು.

ಸಂಜೆಯ ಹೊತ್ತಿಗೆ, ಮನಾಲಿಯ ಹತ್ತಿರ ಬರುತ್ತಿದ್ದಂತೆ ತಲೆನೋವು ತಾನಾಗಿಯೇ ಮಾಯವಾಯಿತು. ಆಗ ನನ್ನ ತಪ್ಪು ಸ್ಪಷ್ಟವಾಯಿತು. ನಾನು ಮೇಲೆ ಹೋಗಿ ಕುಸಿದಿದ್ದರೆ, ಇಳಿಜಾರಿನ ಹಿಮದಲ್ಲಿ ನನ್ನನ್ನು ಹೊತ್ತು ತರಬೇಕಾಗಿದ್ದವರು ಆ ಹುಡುಗರೇ. ನನ್ನ ಸುಳ್ಳಿನ ಹೊರೆ ಅವರ ಹೆಗಲಿಗೆ ಬೀಳುತ್ತಿತ್ತು. ಎರಡು ದಿನಗಳ ಬಳಿಕ ಅವರು ಲಾಹೌಲ್ ಕಡೆ ಇಳಿದು ಅಟಲ್ ಸುರಂಗದ ಮೂಲಕ ಮನಾಲಿಗೆ ಮರಳಿದಾಗ, ಎಲ್ಲರೆದುರು ಆ ಹುಡುಗನ ಕ್ಷಮೆ ಕೇಳಿದೆ. ಅವನು ನಾಚಿ, “ಬಿಡ್ರಿ ಫಾದರ್, ಚಾ ಕುಡಿಯೋಣು ಬರ್ರಿ” ಎಂದ.

ಹೆತ್ತವರೇ, ಮಕ್ಕಳನ್ನು ಕಳುಹಿಸುವ ಮುನ್ನ ವೈದ್ಯರಿಗೆ ತೋರಿಸಿರಿ. ಕರೆದೊಯ್ಯುವವರನ್ನು ಸಂಕೋಚವಿಲ್ಲದೆ ಪ್ರಶ್ನಿಸಿರಿ: ಮಾರ್ಗದರ್ಶಿಗೆ ತರಬೇತಿ ಆಗಿದೆಯೇ? ಆಮ್ಲಜನಕದ ಸಿಲಿಂಡರ್ ಜೊತೆಗಿರುವುದೇ? ಹವೆ ಕೆಟ್ಟರೆ ಕಾಯಲು ಹೆಚ್ಚಿನ ಒಂದು ದಿನವಿದೆಯೇ? ಒಬ್ಬನಿಗೆ ಅಸ್ವಸ್ಥತೆಯಾದರೆ ಅವನನ್ನು ಇಳಿಸಲು ಜನರಿರುವರೇ? ಒಳ್ಳೆಯ ಮಾರ್ಗದರ್ಶಿಯೂ ಬಿರುಗಾಳಿಯನ್ನು ತಡೆಯಲಾರ. ಆದರೆ ‘ಇಂದು ಬೇಡ’ ಎಂದು ಹೇಳುವ ಧೈರ್ಯ ಅವನಿಗಿರಬೇಕು. ಅದನ್ನು ಕೇಳುವ ವಿನಯ ನಮಗಿರಬೇಕು.

ಸವಣೂರಿನ ತಾಯಿಗೆ ಕೊನೆಯಲ್ಲಿ ಇಷ್ಟು ಹೇಳಿದೆ: “ಕಳುಹಿಸಿರಿ ತಾಯಿ. ಆದರೆ ತಲೆ ನೋಯುತ್ತಿದ್ದರೆ ನೋಯುತ್ತಿದೆ ಎನ್ನುವುದಾಗಿ ಅವನಿಂದ ಮಾತು ತೆಗೆದುಕೊಂಡು ಕಳುಹಿಸಿರಿ.” ಅವರು ಸ್ವಲ್ಪ ಹೊತ್ತು ಯೋಚಿಸಿ, “ಮನ್ಯಾಗs ಹೇಳಂಗಿಲ್ರಿ ಅಂವಾ, ಅಲ್ಲಿ ಹೇಳ್ತಾನ?” ಎಂದರು. ಆ ಪ್ರಶ್ನೆ ನನ್ನಲ್ಲಿ ಉಳಿದುಬಿಟ್ಟಿದೆ. ನಮ್ಮ ಮನೆಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲಿ, ‘ನನ್ನಿಂದ ಆಗುತ್ತಿಲ್ಲ’ ಎಂದು ಒಬ್ಬ ಯುವಕ ನಾಚದೆ ಹೇಳಬಲ್ಲನೇ? ಆ ಅಭ್ಯಾಸವನ್ನು ಹಿಮಾಲಯಕ್ಕೆ ಹೋಗುವ ಮೊದಲೇ ಇಲ್ಲಿ ಆರಂಭಿಸೋಣ.