ಕಲ್ಲಡಿಯ ಮೀಸೆಗಾರ

“ಇಷ್ಟು ದೊಡ್ಡ ಬ್ಯಾಟ್ರಿ ಯಾಕ್ರಿ ಸರ, ಹೊಲಕ್ಕೇನು?” ರವಿವಾರ ಪೇಟೆಯ ಅಂಗಡಿಯವರು ಕೇಳಿದರು. ರಾತ್ರಿ ಹೊಳ್ಯಾಗ ಮೀನು ನೋಡಾಕ ಎಂದೆ. “ಮೀನು ನೋಡಾಕ ಮಾರ್ಕೆಟಿಗೆ ಹೋಗ್ರಿ!” ಎಂದು ನಕ್ಕರು. ನಾನು ಹುಡುಕಿ ಹೊರಟ ಮೀನು ಯಾವ ಮಾರ್ಕೆಟಿಗೂ ಬರುವುದಿಲ್ಲ. ಕಿರುಬೆರಳಿಗಿಂತ ಚಿಕ್ಕದು, ಸಾರಿಗೂ ಸಾಲದು.

ಸಂಜೆಗೆ ಖಾನಾಪುರ ದಾಟಿ ಅಸೋಗಾ ಸೇರಿದೆವು. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಮಲಪ್ರಭೆ ಇಲ್ಲಿ ಇನ್ನೂ ಎಳೆಯ ಹೊಳೆ. ರಾಮಲಿಂಗೇಶ್ವರನ ಗುಡಿಯ ಗಂಟೆ ನಿಂತ ಮೇಲೆ ಬ್ಯಾಟರಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಮೊಣಕಾಲುದ್ದದ ನೀರಿಗಿಳಿದೆವು.

ಬಹಳ ಹೊತ್ತು ಬರೀ ಕಲ್ಲು. ಆಮೇಲೆ ಒಂದು ಕಲ್ಲಿನ ನೆರಳೇ ಜರುಗಿದಂತಾಯಿತು. ಕಂದು ಮೈ, ಅದರ ಮೇಲೆ ಗಾಢ ಪಟ್ಟೆ, ಬಾಯಿಯ ಸುತ್ತ ಮೂರು ಜೋಡಿ ಮೀಸೆ! ಮೂಗಿನ ಹೊಳ್ಳೆಯಿಂದಲೂ ಎಳೆಯೊಂದು ಚಾಚಿಕೊಂಡು ಅದೂ ಮೀಸೆಯಂತೆಯೇ ಕಾಣುತ್ತಿತ್ತು. ಕಣ್ಣನ್ನು ನಂಬದೆ ಮೀಸೆಯಿಂದಲೇ ತಡವುತ್ತ, ಸಂದಿಯ ಹುಳುಮರಿಗಳನ್ನು ಹೆಕ್ಕುತ್ತ ಅದು ಮುಂದೆ ಸಾಗಿತು. ಒಮ್ಮೆ ಚಂಗನೆ ಮೇಲೆ ಬಂದು ಗಾಳಿ ಗುಟುಕರಿಸಿ ಮತ್ತೆ ತಳಕ್ಕಿಳಿಯಿತು. ಕಿವಿರು ಇದ್ದೂ ಗಾಳಿ ಕುಡಿಯುವ ಮೀನು!

ಇಂಡೊರಿಯೊನೆಕ್ಟಿಸ್ ಎವೆಜಾರ್ಡಿ ಎಂಬ ಈ ಜಾತಿಯನ್ನು 1872ರಲ್ಲಿ ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯರು ಪುಣೆಯ ಮೀನುಗಳನ್ನು ನೋಡಿ ಮೊದಲಿಗೆ ವಿವರಿಸಿದರು. ನನ್ನನ್ನು ಬೆರಗುಗೊಳಿಸಿದ್ದು ಅದರ ದಾಯಾದಿಗಳ ಸುದ್ದಿ. ಛತ್ತೀಸಗಡದ ಬಸ್ತರ್‌ನಲ್ಲಿ ಕೋಟುಮ್‌ಸರ್ ಎಂಬ ಗುಹೆಯಿದೆ. ಬಿಸಿಲು ಕಾಣದ ಅದರ ಹೊಂಡಗಳಲ್ಲಿ ಇದೇ ಮೀನಿನ ಒಂದು ಬಳಗ ತಲೆತಲಾಂತರದಿಂದ ಬಾಳುತ್ತಿದೆ. ಕಣ್ಣು ಕುಗ್ಗಿವೆ, ಮೈಬಣ್ಣ ಮಾಸಿದೆ. ಗುಹೆಯ ಮೀನು, ಹೊಳೆಯ ಮೀನು ಯಾವ ಯಾವ ಹೊತ್ತಿಗೆ ಗಾಳಿಗೆ ಮೇಲೆ ಬರುತ್ತವೆಂದು ವಿಜ್ಞಾನಿಗಳು ಹೋಲಿಸಿ ನೋಡಿದ್ದಾರೆ. ರಾತ್ರಿಯನ್ನೇ ನೆಚ್ಚಿದ ಕುಲ ಕತ್ತಲಿಗೆ ಹೇಗೆ ಒಗ್ಗೀತು ಎಂಬುದನ್ನು ಆ ಗುಹೆಯಲ್ಲೇ ನೋಡಬೇಕು.

ಈ ಮೀನಿಗೆ ಬೇಕಾದ್ದು ತಿಳಿನೀರು, ಕೆಳಗೆ ಸಂದುಗೊಂದು ಇರುವ ಕಲ್ಲು. ಹೂಳು ತುಂಬಿದರೆ ಸಂದು ಮುಚ್ಚುತ್ತದೆ; ಮರಳು, ಕಲ್ಲು ಎತ್ತಿದರೆ ಮನೆಯೇ ಹೋಗುತ್ತದೆ. ನೀವೂ ಅಸೋಗಾಕ್ಕೆ ಹೋದರೆ ದೇವರ ದರ್ಶನದ ಜೊತೆ ಹೊಳೆಯನ್ನೂ ನೋಡಿ. ಕಲ್ಲು ಎತ್ತಿದರೆ ಮಾತ್ರ, ಇದ್ದಲ್ಲೇ ಇದ್ದ ಹಾಗೆಯೇ ಮೆಲ್ಲಗೆ ಇಟ್ಟು ಬನ್ನಿ.